ಎಕ್ಸೆಲ್ ಶೀಟಿನಲ್ಲಿ ಇಲ್ಲದ ಕಾಲಂ

ಹೋದ ತಿಂಗಳು ಗೆಳೆಯನೊಬ್ಬ ಒಂದು ಎಕ್ಸೆಲ್ ಶೀಟು, ಮೂರು ಪಿಡಿಎಫ್ ಕಳಿಸಿದ. ಜೊತೆಗೊಂದು ಮೆಸೇಜು: "ಗುರೂ, ನೀನು ಪುಸ್ತಕದ ಬಗ್ಗೆ ಎಲ್ಲಾ ಬರೀತೀಯಲ್ಲ, ಇದನ್ನೂ ಓದಿ ಹೇಳು. ದುಡ್ಡು ಕಟ್ಟೋಕೆ ಮುಂಚೆ ಯಾರಾದ್ರೂ ಒಬ್ರು ಸರಿಯಾಗಿ ಓದ್ಬೇಕು."

ಶೀಟಿನ ಹೆಸರು 'ಅಮೆಜಾನ್ ಫೈನಲ್ 7'. ಬೆಂಗಳೂರಿನಿಂದ ಸಾವ್ ಪಾಲೋ, ಅಲ್ಲಿಂದ ಮನೌಸ್, ಅಲ್ಲಿಂದ ಸಣ್ಣ ವಿಮಾನದಲ್ಲಿ ರಿಯೋ ನೀಗ್ರೋ ದಂಡೆಯ ಬಾರ್ಸೆಲೋಸ್. ಬ್ರೆಜಿಲ್ ವೀಸಾ, ಯೆಲ್ಲೋ ಫೀವರ್ ಲಸಿಕೆ (ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೇ ಅದರ ಸರ್ಟಿಫಿಕೇಟ್ ಕೇಳ್ತಾರೆ), ರಾಡು, ರೀಲು, ಲೈನು, ಎಲ್ಲಕ್ಕೂ ಒಂದೊಂದು ಸಾಲು. ಮೂರು ವರ್ಷದ ಬೋನಸ್ಸು ಈ ಶೀಟಿನೊಳಗೆ ಹೋಗಿ ಕೂತಿದೆ. ಹೋಗುವ ತಿಂಗಳು ಮೇ. ಯಾಕೆ ಮೇ? ಅಪ್ರೈಸಲ್ ಮುಗಿದಿರುತ್ತೆ, ರಿಲೀಸ್ ಇರಲ್ಲ, ರಜೆ ಸಿಗುತ್ತೆ. ಅದಕ್ಕಿಂತ ಮುಖ್ಯವಾಗಿ ಒಂದು ಪಿಡಿಎಫ್‌ನಲ್ಲಿ 'ವರ್ಷವಿಡೀ ಮೀನು' ಅಂತ ಬರೆದು, ಮೇ ತಿಂಗಳಿಗೆ ಒಳ್ಳೇ ರಿಯಾಯಿತಿಯನ್ನೂ ಕೊಟ್ಟಿದ್ದರು.

ಮೂರನ್ನೂ ಓದಿದೆ. ಕಾದಂಬರಿ ಓದುವ ಹಾಗೇ ಓದಿದೆ: ಇಲ್ಲಿ ಯಾರು ಮಾತಾಡ್ತಿದ್ದಾರೆ, ಯಾರು ಸುಮ್ಮನಿದ್ದಾರೆ, ಕಥೆಯ ಮುಖ್ಯ ಪಾತ್ರ ಯಾವುದು ಅಂತ. ನನ್ನ ದೂರು ಒಂದೇ. ಈ ಮೂರರಲ್ಲೂ ಮುಖ್ಯ ಪಾತ್ರವೇ ಕಾಣೆಯಾಗಿದೆ.

ಮೊದಲು ಮೀನಿನ ವಿಚಾರ. ಪೀಕಾಕ್ ಬಾಸ್ ಅಂತ ಹೆಸರಿದ್ದರೂ ಇದು ಬಾಸ್ ಅಲ್ಲ, ಸಿಕ್ಲಿಡ್ ಕುಟುಂಬದ್ದು. ಅಕ್ವೇರಿಯಂ ಅಂಗಡಿಯಲ್ಲಿ ನೀವು ನೋಡಿರೋ ಆಸ್ಕರ್ ಮೀನಿನ ಬಂಧು. ಬಾಲದ ಬುಡದಲ್ಲಿ ನವಿಲುಗರಿಯ ಕಣ್ಣಿನಂಥ ಒಂದು ಮಚ್ಚೆ ಇರೋದರಿಂದ ಆ ಹೆಸರು. ಬ್ರೆಜಿಲಿನವರು ಟುಕುನರೆ ಅಂತಾರೆ. ಇದರಲ್ಲಿ ಹಲವು ಜಾತಿಗಳಿವೆ. 2006ರಲ್ಲಿ ಇಬ್ಬರು ವಿಜ್ಞಾನಿಗಳು ಇಡೀ ಕುಲವನ್ನು ಮತ್ತೆ ಪರಿಶೀಲಿಸಿ 15 ಅಂತ ಎಣಿಸಿದರು. ಎಲ್ಲಕ್ಕಿಂತ ದೊಡ್ಡದು ರಿಯೋ ನೀಗ್ರೋದಲ್ಲಿ ಸಿಗುವ ಸಿಕ್ಲಾ ಟೆಮೆನ್ಸಿಸ್. ಗಾಳಕ್ಕೆ ಸಿಕ್ಕ ದಾಖಲೆಯ ಮೀನು 13 ಕಿಲೋ ದಾಟಿತ್ತು. ಅದು 2010ರಲ್ಲಿ, ಅದೇ ನದಿಯಲ್ಲಿ. ನೀರಿನ ಮೇಲೆ ಸದ್ದು ಮಾಡುತ್ತಾ ಓಡುವ ಮರದ ಲ್ಯೂರನ್ನು ಇದು ಕಚ್ಚೋದಲ್ಲ, ಗುದ್ದುತ್ತೆ. ಅದೊಂದು ಗುದ್ದಿಗಾಗಿ ಜನ ಭೂಮಿಯ ಆ ತುದಿಯಿಂದ ಬರ್ತಾರೆ. ಇಷ್ಟನ್ನೂ ಬ್ರೋಶರುಗಳು ಚೆನ್ನಾಗಿಯೇ ಹೇಳುತ್ತವೆ.

ಹೇಳದೇ ಬಿಡೋದು ನೀರಿನ ವಿಷಯ.

ಅಮೆಜಾನ್ ಕಡೆಯ ನದಿಗಳು ವರ್ಷಕ್ಕೊಮ್ಮೆ ಉಬ್ಬಿ, ಒಮ್ಮೆ ಇಳಿಯುತ್ತವೆ. ಮನೌಸ್ ಬಂದರಿನಲ್ಲಿ ರಿಯೋ ನೀಗ್ರೋ ಸಾಮಾನ್ಯ ವರ್ಷದಲ್ಲೇ ಹತ್ತು ಮೀಟರಿನಷ್ಟು ಏರಿಳಿಯುತ್ತೆ. ಉಬ್ಬಿದಾಗ ನದಿ ದಂಡೆ ದಾಟಿ ಕಾಡಿನೊಳಗೆ ನುಗ್ಗುತ್ತೆ, ಮರಗಳು ಸೊಂಟದವರೆಗೆ, ಕೆಲವು ಕಡೆ ಕತ್ತಿನವರೆಗೆ ಮುಳುಗುತ್ತವೆ. ಸಣ್ಣ ಮೀನುಗಳು ಹಣ್ಣು, ಬೀಜ, ಹುಳ ಹುಡುಕಿಕೊಂಡು ಕಾಡಿಗೆ ಹೋಗುತ್ತವೆ. ಅವುಗಳ ಹಿಂದೆ ಟುಕುನರೆಯೂ ಹೋಗುತ್ತೆ. ಆಗ ದೋಣಿಯಲ್ಲಿ ಕೂತು ಗಾಳ ಎಸೆದರೆ ಎಸೆಯೋದು ಮೀನಿಗಲ್ಲ, ಮರದ ಕೊಂಬೆಗೆ. ನೀರು ಇಳಿದಾಗ ಮಾತ್ರ ಮೀನೆಲ್ಲ ಹೊಳೆಗೂ ಪಕ್ಕದ ಕೆರೆಗಳಿಗೂ ವಾಪಸ್ ಬಂದು ಒತ್ತೊತ್ತಾಗಿ ಸೇರುತ್ತೆ. ಗಾಳದವರ ಸೀಸನ್ ಅಂದರೆ ಅಷ್ಟೇ: ಇಳಿದ ನೀರು.

ಗೆಳೆಯ ತೀರ್ಥಹಳ್ಳಿ ಕಡೆಯವನು. ಅವನಿಗೆ ಇದನ್ನು ನಾನು ವಿವರಿಸಬೇಕಾಗಿಯೇ ಇರಲಿಲ್ಲ. ಮುಂಗಾರಿನ ಮೊದಲ ನೆರೆಗೆ ಮೀನು ಹಳ್ಳ ಬಿಟ್ಟು ಗದ್ದೆಗೆ ಹತ್ತೋದನ್ನು ನೋಡಿಕೊಂಡೇ ಬೆಳೆದವನು. ಹತ್ತುಮೀನಿನ ಕಾಲದಲ್ಲಿ ಯಾರಾದರೂ ಕೆಂಪು ಹೊಳೆಯ ನಡುವೆ ಗಾಳ ಇಳಿಸಿ ಕೂತಿದ್ದರೆ ನಗ್ತಿದ್ದವನು ಅವನೇ. ಆದರೆ ಎಕ್ಸೆಲ್ ಶೀಟು ತೆರೆದ ತಕ್ಷಣ ನಮಗೆಲ್ಲ ಊರಿನ ಬುದ್ಧಿ ಮರೆತು ಆಫೀಸಿನ ಬುದ್ಧಿ ಬರುತ್ತೆ. ರಿಯೋ ನೀಗ್ರೋದಲ್ಲಿ ಮೇ ಅಂದರೆ ನೀರು ಏರುತ್ತಿರುವ ಕಾಲ. ಮನೌಸ್‌ನಲ್ಲಿ ಅದು ತುತ್ತತುದಿ ಮುಟ್ಟೋದು ಜೂನ್ ಸುಮಾರಿಗೆ. ರಿಯಾಯಿತಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇದೇ ತಪ್ಪನ್ನು ನೂರು ವರ್ಷದ ಹಿಂದೆ ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರು ಮಾಡಿದ್ದರು. ಅದರ ಬಗ್ಗೆ ಅವರೇ ಒಂದು ಪುಸ್ತಕವನ್ನೂ ಬರೆದಿದ್ದಾರೆ. ಥಿಯೊಡರ್ ರೂಸ್‌ವೆಲ್ಟ್ ಅವರ 'ಥ್ರೂ ದ ಬ್ರೆಜಿಲಿಯನ್ ವಿಲ್ಡರ್‌ನೆಸ್' 1914ರಲ್ಲಿ ಬಂತು. ಸಾಹಸ ಸಾಹಿತ್ಯದ ಕ್ಲಾಸಿಕ್ ಅಂತ ಎಲ್ಲರೂ ಓದೋ ಪುಸ್ತಕ. ನಾನು ಈ ಸಲ ಅದನ್ನು ಒಂದು ಟ್ರಿಪ್ ಪ್ಲಾನಿನ ವರದಿ ಅಂತ ಓದಿದೆ. ಹಾಗೆ ಓದಿದರೆ ಅದು ಬೇರೆಯೇ ಪುಸ್ತಕ.

1912ರ ಚುನಾವಣೆ ಸೋತ ರೂಸ್‌ವೆಲ್ಟ್ ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೊರಟರು. ಮೊದಲಿದ್ದ ಯೋಜನೆ ಸಾಧಾರಣದ್ದು: ಉಪನ್ಯಾಸ ಮುಗಿಸಿ, ಗೊತ್ತಿರುವ ನದಿಗಳಲ್ಲಿ ಆರಾಮದ ಪ್ರಯಾಣ. ಸಾಮಾನು ಕೊಂಡದ್ದೂ ಅದಕ್ಕೆ ತಕ್ಕಂತೆ. ಅದರ ಉಸ್ತುವಾರಿ ಆಂಟನಿ ಫಿಯಾಲಾ ಅನ್ನುವವರದ್ದು. ಅವರ ಹಿಂದಿನ ದೊಡ್ಡ ಅನುಭವ ಅಂದರೆ ಗುರಿ ಮುಟ್ಟದ ಒಂದು ಉತ್ತರಧ್ರುವ ಯಾತ್ರೆ. ಬ್ರೆಜಿಲ್ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವರು, ಯಾರೂ ನಕ್ಷೆ ಮಾಡದ ನದಿಯೊಂದಿದೆ, ಕರ್ನಲ್ ರೊಂಡೋನ್ ಜೊತೆ ಹೋಗ್ತೀರಾ ಅಂತ ಕೇಳಿದರು. ಆ ನದಿಗೆ ಇದ್ದ ಹೆಸರೇ 'ಸಂದೇಹದ ನದಿ'. ರೂಸ್‌ವೆಲ್ಟ್ ಹೂಂ ಅಂದುಬಿಟ್ಟರು. ಪ್ರಾಜೆಕ್ಟಿನ ಸ್ಕೋಪು ಪೂರ್ತಿ ಬದಲಾಯಿತು, ಸಾಮಾನಿನ ಪಟ್ಟಿ ಮಾತ್ರ ಹಳೇದೇ. ನಮ್ಮಲ್ಲಿ ಬಹಳ ಜನಕ್ಕೆ ಈ ಪರಿಸ್ಥಿತಿ ಪರಿಚಿತ.

ನೂರಾರು ಮೈಲಿ ಕಾಲುದಾರಿಯಲ್ಲಿ ಎತ್ತುಗಳು ಭಾರ ತಾಳದೆ ಪೆಟ್ಟಿಗೆಗಳನ್ನು ಕೆಡವುತ್ತಾ ಹೋದವು. ತಂದಿದ್ದ ಮೋಟಾರು ದೋಣಿಗಳು ನದಿ ತಲುಪಲೇ ಇಲ್ಲ. ಕೊನೆಗೆ ಏಳು ಮರದ ದೋಣಿಗಳಲ್ಲಿ 22 ಜನ ನೀರಿಗಿಳಿದರು. ತಾರೀಕು 1914ರ ಫೆಬ್ರವರಿ 27. ಆ ನದಿ ಹರಿಯೋದು ಸಮಭಾಜಕಕ್ಕೆ ದಕ್ಷಿಣದಲ್ಲಿ, ಮಡೈರಾ ನದಿಯ ಕೊಳ್ಳದಲ್ಲಿ. ಅಲ್ಲಿಗೆ ಫೆಬ್ರವರಿ ಅಂದರೆ ನಟ್ಟನಡು ಮಳೆಗಾಲ.

ಮುಂದಿನ ಎರಡು ತಿಂಗಳು ಪುಸ್ತಕದ ತುಂಬ ಜಲಪಾತ, ಒಡೆದ ದೋಣಿ, ಮಲೇರಿಯಾ ಮತ್ತು ಹಸಿವು. ಜಗತ್ತಿನಲ್ಲಿ ಮೀನು ಅತಿ ಹೆಚ್ಚಿರುವ ನದಿಗಳ ನಡುವೆ ಕೂತು 22 ಜನ ಅರೆಹೊಟ್ಟೆಯಲ್ಲಿ ಮಲಗುತ್ತಾರೆ! ಒಬ್ಬ ನೀರು ಪಾಲಾದ, ಒಬ್ಬ ಕೊಲೆಯಾದ, ಕೊಂದವನು ಕಾಡಿನಲ್ಲೇ ಉಳಿದ. ರೂಸ್‌ವೆಲ್ಟ್ ಕಾಲಿನ ಗಾಯ ಕೀವಾಗಿ, ಜ್ವರ ಏರಿ, ಸಾಯುವ ಹಂತಕ್ಕೆ ಹೋಗಿ ಬದುಕಿದರು.

ಪುಸ್ತಕದಲ್ಲಿ ಮೀನುಗಳಿಲ್ಲ ಅಂತಲ್ಲ. ಹೊಟ್ಟೆಯಲ್ಲಿ ಕೋತಿ ಇದ್ದ ಕ್ಯಾಟ್‌ಫಿಶ್ ಬರುತ್ತೆ. ಪಿರಾನ್ಹಾ ಅಂತೂ ಬಂದೇ ಬರುತ್ತೆ. ಆ ಮೀನಿಗೆ ಇವತ್ತಿಗೂ ಇರುವ ರಾಕ್ಷಸನ ಹೆಸರು ಹಬ್ಬಿದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು. ನನ್ನ ತಕರಾರು ಇಲ್ಲೇ ಇರೋದು. ರೂಸ್‌ವೆಲ್ಟ್ ಒಳ್ಳೆಯ ಲೇಖಕರು. ಹಕ್ಕಿ, ಇರುವೆ, ಮಳೆ ಎಲ್ಲವನ್ನೂ ಕಣ್ಣಿಟ್ಟು ನೋಡ್ತಾರೆ, ಜೊತೆಗಿದ್ದ ದೋಣಿಯಾಳುಗಳ ಶ್ರಮವನ್ನು ಮುಚ್ಚಿಡಲ್ಲ. ಆದರೆ ಕಷ್ಟ ಬಂದಾಗಲೆಲ್ಲ ಅವರ ಬೆರಳು ಕಾಡಿನ ಕಡೆ ತಿರುಗುತ್ತೆ. ಕಾಡು ಕ್ರೂರ, ಹುಳ ಕ್ರೂರ, ಮೀನು ಕ್ರೂರ. ನಾವು ಬಂದ ಕಾಲ ತಪ್ಪು ಅನ್ನುವ ಸಾಲು ಬರಲ್ಲ. ಪುಸ್ತಕದ ಕೊನೆಯಲ್ಲಿ ಮುಂದಿನ ಪ್ರಯಾಣಿಕರಿಗೆ ಅಂತ ಡೇರೆ, ಬಟ್ಟೆ, ಬಂದೂಕುಗಳ ಬಗ್ಗೆ ಒಂದು ಅನುಬಂಧವೇ ಇದೆ. ಗೆಳೆಯನ ಶೀಟನ್ನು ಅದರ ಪಕ್ಕ ಇಟ್ಟು ನೋಡಿದೆ. ಒಂದೇ ಮನೆಯ ಮಕ್ಕಳು. ಎರಡರಲ್ಲೂ ಏನು ಕೊಂಡುಹೋಗಬೇಕು ಅನ್ನೋದಕ್ಕೆ ಜಾಗ ಇದೆ, ಯಾವಾಗ ಹೋಗಬಾರದು ಅನ್ನೋದಕ್ಕೆ ಇಲ್ಲ.

ಆ ಸಾಲನ್ನು ಬರೆದವರು ಕ್ಯಾಂಡಿಸ್ ಮಿಲ್ಲರ್ಡ್. 2005ರ 'ದ ರಿವರ್ ಆಫ್ ಡೌಟ್' ಇದೇ ಯಾತ್ರೆಯನ್ನು ಮತ್ತೆ ಹೇಳುತ್ತೆ. ನೆರೆ ಬಂದಾಗ ಮೀನು ಕಾಡಿಗೆ ಚದುರಿಹೋಗುತ್ತೆ ಅನ್ನುವ ಸರಳ ಕಾರಣವನ್ನು ಹಸಿವಿನ ಪಕ್ಕದಲ್ಲೇ ತಂದಿಡುತ್ತೆ. ಇನ್ನೊಂದು ಮುಖ್ಯ ಕೆಲಸವನ್ನೂ ಮಾಡುತ್ತೆ. ರೂಸ್‌ವೆಲ್ಟ್ ಪುಸ್ತಕದಲ್ಲಿ ಸಿಂತಾ ಲಾರ್ಗಾ ಜನ ಕಾಣೋದು ರೊಂಡೋನ್ ನಾಯಿಗೆ ನೆಟ್ಟ ಬಾಣವಾಗಿ, ಮರೆಯಲ್ಲಿ ಕೇಳುವ ಸದ್ದಾಗಿ. ಮಿಲ್ಲರ್ಡ್ ಅವರನ್ನು ನದಿಯ ಮನೆಯವರಾಗಿ ನೋಡ್ತಾರೆ. ಈ ಜನ ಮನಸ್ಸು ಮಾಡಿದ್ದರೆ ಯಾತ್ರೆ ಅಲ್ಲೇ ಮುಗಿಯುತ್ತಿತ್ತು, ಬಿಟ್ಟದ್ದರಿಂದ ಮುಂದೆ ಹೋಯಿತು ಅಂತಾರೆ. ಮಿಲ್ಲರ್ಡ್ ಪುಸ್ತಕದಲ್ಲೂ ಅಧ್ಯಾಯ ಮುಗಿಯುವಾಗೆಲ್ಲ ಥ್ರಿಲ್ಲರಿನ ಹಾಗೆ ಕಾಡು ಹೊಂಚುಹಾಕುತ್ತೆ. ಅದು ನನಗೆ ಅಷ್ಟು ಇಷ್ಟವಾಗಲಿಲ್ಲ. ಆದರೂ ಎರಡರಲ್ಲಿ ಒಂದನ್ನೇ ಓದಿ ವಿಮಾನ ಹತ್ತೋದಾದರೆ ಇದನ್ನೇ ಓದಿ.

ತಮಾಷೆ ಏನಂದ್ರೆ, ತನ್ನನ್ನು ಬೇರೆಯವರು ಹೊತ್ತುಕೊಂಡು ಹೋಗಲಿ ಅಂತ ಸುಮ್ಮನೆ ಕೂರುವ ಪ್ರವಾಸಿಗೂ ಅಂಚೆಯ ಪಾರ್ಸೆಲ್ಲಿಗೂ ದೊಡ್ಡ ವ್ಯತ್ಯಾಸವಿಲ್ಲ ಅನ್ನುವ ಅರ್ಥದ ಮಾತನ್ನು ರೂಸ್‌ವೆಲ್ಟ್ ಇದೇ ಪುಸ್ತಕದಲ್ಲಿ ಹೇಳಿ ಗೇಲಿ ಮಾಡ್ತಾರೆ. ಇವತ್ತು ಆ ನದಿಗೆ ಅವರದೇ ಹೆಸರು. ಅಲ್ಲಿಗೂ ಟುಕುನರೆ ಹಿಡಿಯಲು ಪಾರ್ಸೆಲ್‌ಗಳು ಹೋಗುತ್ತವೆ. ಆದರೆ ಮಳೆ ನಿಂತ ಮೇಲೆ, ವರ್ಷದ ನಡುವಿನಲ್ಲಿ. ಆ ಒಂದು ವಿಷಯದಲ್ಲಿ ಪಾರ್ಸೆಲ್‌ಗಳೇ ಜಾಣರು.

ಹಾಗಾದರೆ ಮೇ ಬಿಟ್ಟು ಸೀಸನ್ನಿನಲ್ಲಿ ಹೋದರೆ ಮುಗೀತಲ್ಲ ಅಂದ ಗೆಳೆಯ. ಉಳಿದ ಎರಡು ಬ್ರೋಶರುಗಳು ಹೇಳೋದು ಅದನ್ನೇ: ರಿಯೋ ನೀಗ್ರೋಗೆ ಸೆಪ್ಟೆಂಬರಿನಿಂದ ಫೆಬ್ರವರಿ. ಮುಗಿಯಲ್ಲ. ಮನೌಸ್ ಬಂದರಿನಲ್ಲಿ ನೀರಿನ ಮಟ್ಟವನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬರೆದಿಡ್ತಿದ್ದಾರೆ. 2021ರ ಜೂನ್‌ನಲ್ಲಿ ಅದು 30 ಮೀಟರ್ ದಾಟಿತು, ಅಷ್ಟೂ ವರ್ಷಗಳಲ್ಲೇ ಗರಿಷ್ಠ. 2023ರ ಅಕ್ಟೋಬರಿನಲ್ಲಿ 12.7ಕ್ಕೆ ಇಳಿಯಿತು, ಅಲ್ಲಿಯವರೆಗಿನ ಕನಿಷ್ಠ. ಮರುವರ್ಷ ಅದನ್ನೂ ಮುರಿದು ಸುಮಾರು 12.1. ಮೂರೂವರೆ ವರ್ಷದೊಳಗೆ ಒಂದೇ ನದಿಯಲ್ಲಿ ಆರು ಮಹಡಿಯಷ್ಟು ವ್ಯತ್ಯಾಸ. 2023ರ ಆ ಬರದಲ್ಲಿ ತೆಫೆ ಸರೋವರದ ನೀರು ಸ್ನಾನದ ಬಿಸಿನೀರಿನಷ್ಟು ಕಾದು ನೂರಕ್ಕೂ ಹೆಚ್ಚು ನದಿ ಡಾಲ್ಫಿನ್‌ಗಳು ಸತ್ತವು. ದೋಣಿ ಬಿಟ್ಟರೆ ಬೇರೆ ದಾರಿ ಇಲ್ಲದ ಊರುಗಳಿಗೆ ಅಕ್ಕಿ, ಔಷಧಿ ಮುಟ್ಟೋದೇ ಕಷ್ಟವಾಯಿತು. ಇಳಿದ ನೀರು ಅಂದರೆ ಒಳ್ಳೇ ಸೀಸನ್ ಅಂತ ನಗುವ ಬ್ರೋಶರನ್ನು ಇದಾದ ಮೇಲೆ ಮೊದಲಿನ ಹಾಗೆ ಓದೋಕೆ ಆಗಲ್ಲ.

ಗಾಬರಿ ಮಾಡೋಕೆ ಹೇಳ್ತಿಲ್ಲ. ಬಾರ್ಸೆಲೋಸ್‌ಗೆ ಹೋಗುವ ಸಣ್ಣ ವಿಮಾನದ ಸಾಲಿನಲ್ಲಿ ಗೆಳೆಯ 'ದಿನ 3, ಬೆಳಿಗ್ಗೆ' ಅಂತ ಬರೆದಿದ್ದ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಗಾಳ ಹಾಕಲು ಹೊರಟವರಿದ್ದ ವಿಮಾನವೊಂದು ಜೋರು ಮಳೆಯಲ್ಲಿ ಇಳಿಯುವಾಗ ಅಪಘಾತವಾಗಿ 14 ಜನ ತೀರಿಕೊಂಡರು. ಮಳೆ ಬಂದರೆ ಒಂದು ದಿನ ಮನೌಸ್‌ನಲ್ಲೇ ಕೂರುವಷ್ಟು ಖಾಲಿ ಜಾಗ ಪ್ಲಾನಿನಲ್ಲಿರಬೇಕು. ಒಂದು ವಾರದ ಪ್ಯಾಕೇಜಿಗೆ ಎಂಟನೇ ದಿನ ಅನ್ನೋದೇ ಇರಲ್ಲ, ನೋಡಿ.

ಇನ್ನು ಮುಖಪುಟದ ಫೋಟೋ. ಮೂರು ಬ್ರೋಶರಿನಲ್ಲೂ ಅದೇ: ಎರಡೂ ಕೈ ಚಾಚಿ ಮೀನನ್ನು ಕ್ಯಾಮೆರಾದತ್ತ ಹಿಡಿದ ಬಿಳಿ ಟೋಪಿಯ ಮನುಷ್ಯ, ಹಣೆ ಮೇಲೆ ಗುಬ್ಬಟೆ, ಮೈಮೇಲೆ ಕಡುಪಟ್ಟೆ, ಬಂಗಾರದ ಬಣ್ಣದ ಮೀನು. ದೋಣಿ ನಡೆಸಿದವನ ಮೊಣಕೈ ಮಾತ್ರ ಅಂಚಿನಲ್ಲಿ. ಈ ಪಟ್ಟೆಯ ಮೀನು ಬೇರೆ, ಚುಕ್ಕಿಯ ಮೀನು ಬೇರೆ ಅಂತ ಬಹಳ ಕಾಲ ಜನ ನಂಬಿದ್ದರು. ಎರಡೂ ಒಂದೇ ಜಾತಿ, ಮರಿ ಮಾಡುವ ಕಾಲಕ್ಕೆ ಚುಕ್ಕಿ ಮಾಸಿ ಪಟ್ಟೆ ಬರುತ್ತೆ ಅಂತ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಗಂಡಿನ ಹಣೆಯ ಗುಬ್ಬಟೆಯೂ ಆ ಕಾಲದ್ದೇ. ಅಂದರೆ ಮುಖಪುಟದ ಮೀನು ಸಂಸಾರಕ್ಕೆ ಸಿದ್ಧವಾಗಿರೋದು. ಟುಕುನರೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಮೊಟ್ಟೆ, ಮರಿ ಕಾಯುತ್ತವೆ. ಗೂಡಿನ ಮೇಲೆ ಸದ್ದು ಮಾಡುವ ಏನೇ ಬಂದರೂ ಗುದ್ದುತ್ತವೆ, ನಮ್ಮ ಲ್ಯೂರನ್ನೂ. ಕಾವಲು ಮೀನನ್ನು ಹತ್ತು ನಿಮಿಷ ಫೋಟೋಗೆ ನಿಲ್ಲಿಸಿದರೆ ಮರಿ ತಿನ್ನೋಕೆ ಕಾದಿರೋ ಮೀನುಗಳಿಗೆ ಹತ್ತು ನಿಮಿಷ ಸಾಕು. ಹಿಡಿದು ಬಿಡ್ತೀವಿ, ಆದ್ದರಿಂದ ಪಾಪ ಇಲ್ಲ ಅನ್ನೋದು ಅರ್ಧ ಸತ್ಯ. ಬೇಗ ಬಿಟ್ಟರೆ, ನೀರಿನಲ್ಲೇ ಬಿಟ್ಟರೆ, ಮರಿ ಕಂಡ ಜಾಗಕ್ಕೆ ಎಸೆಯದೇ ಇದ್ದರೆ ಮಾತ್ರ ಅದು ಪೂರ್ತಿಯ ಹತ್ತಿರ ಬರುತ್ತೆ.

'ಯಾರೂ ಮುಟ್ಟದ ನದಿ' ಅನ್ನುವ ಮಾತು ಮೂರರಲ್ಲೂ ಇತ್ತು. ಯಾರೂ ಅಂದರೆ ಯಾರು? ರಿಯೋ ನೀಗ್ರೋದ ಉಪನದಿ ಮರಿಯೆ ಇರೋದು ಮೂಲನಿವಾಸಿಗಳ ನೆಲದಲ್ಲಿ. ಅಲ್ಲಿನ ಸಮುದಾಯಗಳು ಹೊರಗಿನ ಕಂಪನಿಗಳು ತಮ್ಮಿಷ್ಟಕ್ಕೆ ಬರೋದನ್ನು ನಿಲ್ಲಿಸಿ, 2014ರ ಹೊತ್ತಿಗೆ ತಮ್ಮದೇ ಷರತ್ತು ಹಾಕಿದವು: ವಾರಕ್ಕೆ ಇಷ್ಟೇ ಜನ, ಹಿಡಿದದ್ದು ವಾಪಸ್ ನೀರಿಗೆ, ಕಾವಲು ನಮ್ಮದು, ಆದಾಯದಲ್ಲಿ ಪಾಲು ನಮಗೆ. 2015ರಲ್ಲಿ ಬ್ರೆಜಿಲ್‌ನ ಫುನಾಯ್ ಸಂಸ್ಥೆ ಮೂಲನಿವಾಸಿ ನೆಲದ ಪ್ರವಾಸೋದ್ಯಮಕ್ಕೆ ನಿಯಮವನ್ನೇ ಮಾಡಿತು. ಆದ್ದರಿಂದ ಕಂಪನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಮೀನಿನ ತೂಕ ಅಲ್ಲ. ಈ ನೀರು ಯಾರದ್ದು, ಅವರು ಒಪ್ಪಿದ ಕಾಗದ ಎಲ್ಲಿ? ಉತ್ತರ ಕೊಡೋಕೆ ತಡವರಿಸಿದರೆ ಅದೇ ಉತ್ತರ.

ಗೆಳೆಯನ ಶೀಟಿನಲ್ಲಿ 'ಬ್ಯಾಕಪ್' ಅಂತ ಎರಡನೇ ಪುಟ ಇತ್ತು: ಮಲೇಷ್ಯಾ. ಹತ್ತಿರ, ಅಗ್ಗ, ಪೀಕಾಕ್ ಬಾಸ್ ಅಲ್ಲೂ ಇದೆ. ಇದೆ ನಿಜ, ಆದರೆ ಯಾರೋ ತಂದು ಬಿಟ್ಟದ್ದರಿಂದ. ಹಾಗೆ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಪನಾಮಾದ ಗಟೂನ್ ಸರೋವರವೇ ಸಾಕ್ಷಿ. 1960ರ ದಶಕದ ಕೊನೆಯಲ್ಲಿ ಒಂದು ಕೊಳದಿಂದ ತಪ್ಪಿಸಿಕೊಂಡ ಈ ಮೀನು ಆ ಸರೋವರ ಸೇರಿತು. ಸಾಮಾನ್ಯವಾಗಿದ್ದ ಎಂಟು ಜಾತಿಯ ಮೀನುಗಳಲ್ಲಿ ಆರು ಹೇಳಹೆಸರಿಲ್ಲದಂತಾದವು ಅಂತ ಜ಼ಾರೆಟ್ ಮತ್ತು ಪೇಯ್ನ್ 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ರಿಯೋ ನೀಗ್ರೋದಲ್ಲಿ ಇದು ಮನೆಯ ಮೀನು. ಬೇರೆ ಕಡೆ ಇದು ಮನೆ ಖಾಲಿ ಮಾಡಿಸೋ ಮೀನು. ಬ್ಯಾಕಪ್ ಟ್ರಿಪ್ ಹೋಗಬೇಡ ಅಂತ ನಾನು ಹೇಳಲಿಲ್ಲ. ಅದರ ಮೇಲೆ 'ಕನ್ಯೆ ಪ್ರಕೃತಿ' ಅಂತ ಇದ್ದ ಹೆಡ್ಡಿಂಗು ತೆಗೆ ಅಂದೆ.

ಇಷ್ಟೆಲ್ಲ ಹೇಳಿದ ಮೇಲೆ, ಗಾಳದವರೆಲ್ಲ ಕೆಟ್ಟವರು ಅಂತ ನೀವು ತಿಳಿಯೋದು ಬೇಡ. ನಮ್ಮ ಕಾವೇರಿಯ ಕಥೆ ನೋಡಿ. ಗಾಳಿಬೋರೆಯ ಮೀನು ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಹಿಡಿದು ಬಿಟ್ಟ ಮಹಶೀರ್‌ಗಳ ಲೆಕ್ಕ ಬರೆದಿಟ್ಟಿದ್ದರು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತಾ, ಕಾವೇರಿಯದ್ದೇ ಆದ ಬೆನ್ನುಗುಬ್ಬಟೆಯ ಮಹಶೀರ್ ಮಾಯವಾಗುತ್ತಾ ಹೋದದ್ದು ಗೊತ್ತಾಗಿದ್ದು ಆ ಲೆಕ್ಕದಿಂದ. 2018ರಲ್ಲಿ ಆ ಮೀನು ಟಾರ್ ರೆಮಾದೇವಿ ಅಂತ ಗುರುತಾಯಿತು, ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಫೋಟೋ ತೆಗೆಸಿಕೊಂಡವರಿಂದ ನದಿಗೆ ಏನು ಸಿಕ್ಕಿತೋ ಗೊತ್ತಿಲ್ಲ, ಲೆಕ್ಕ ಬರೆದವರಿಂದ ಸಾಕ್ಷಿ ಸಿಕ್ಕಿತು.

ಗೆಳೆಯನಿಗೆ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ರಾತ್ರಿ ಹನ್ನೊಂದೂವರೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನವೆಂಬರಿನಲ್ಲಿ ರಿಲೀಸ್ ಇದೆ ಕಣೋ, ಮ್ಯಾನೇಜರ್ ಒಪ್ಪಲ್ಲ" ಅಂದ. ನದಿಗೆ ರಿಲೀಸ್ ಡೇಟ್ ಹೇಳಿ ನೋಡು, ಅದು ಒಪ್ಪುತ್ತಾ ಅಂದೆ. ಬೈದು ಫೋನ್ ಇಟ್ಟ.

ಬೆಳಿಗ್ಗೆ ಎದ್ದಾಗ 'ಅಮೆಜಾನ್ ಫೈನಲ್ 8' ಬಂದಿತ್ತು. ಮೇ ಅಳಿಸಿ ಹೋಗಿತ್ತು. ರಾಡು, ರೀಲುಗಳಿಗಿಂತ ಮೇಲೆ ಮೂರು ಹೊಸ ಕಾಲಂ: ನೀರಿನ ಮಟ್ಟ, ಯಾರ ನೀರು, ಎಂಟನೇ ದಿನ. ಮೂರೂ ಖಾಲಿ. ತಾರೀಕಿನ ಜಾಗದಲ್ಲಿ ಮಾತ್ರ ಒಂದು ಸಾಲು ಇತ್ತು: "ನೀರು ನೋಡಿ ಹೇಳ್ತೀನಿ."